ಕಲನ ಹುಟ್ಟಿದ ದಾರಿಯಲ್ಲೇ ಕಲಿಯೋಣ

ಸುರಪುರ, ಶಹಾಪುರದ ಕಡೆ ಪಿಯುಸಿಯಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಕಲನಶಾಸ್ತ್ರದ ಹೊಸ್ತಿಲಲ್ಲೇ ಎದುರಾಗುವುದು ‘ಮಿತಿ’. ಎಷ್ಟೋ ಮಕ್ಕಳು ಅಲ್ಲೇ ಧೈರ್ಯಗೆಡುತ್ತಾರೆ. ಆದರೆ ಮಿತಿಗೆ ಭದ್ರ ಬುನಾದಿ ಹಾಕಿದ ಫ್ರಾನ್ಸಿನ ಗಣಿತಜ್ಞ ಕೋಶಿಯ ಪುಸ್ತಕ ಬಂದದ್ದು 1821ರಲ್ಲಿ. ಕಲನದ ಪ್ರಶ್ನೆಗಳು ಅದಕ್ಕಿಂತ ಶತಮಾನಗಳಷ್ಟು ಹಳೆಯವು.

1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರನ್ನೇ ನೋಡಿ. ಅವರ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ; ಮಹಾರಾಷ್ಟ್ರದ ಪಾಟಣದ ಸಮೀಪ ಎನ್ನುವವರೂ ಇದ್ದಾರೆ. ಚಂದ್ರನ ವೇಗ ಗಳಿಗೆಗೊಂದು ಬಗೆ. ತಿಥಿ ಮುಗಿಯುವ ಹೊತ್ತನ್ನು ಸರಿಯಾಗಿ ಹೇಳಲು ಇಡೀ ದಿನದ ಸರಾಸರಿ ವೇಗ ಸಾಲದು, ಆ ಕ್ಷಣದ ವೇಗವೇ ಬೇಕು. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅವರು ಅದನ್ನು ‘ತಾತ್ಕಾಲಿಕ ಗತಿ’ ಎಂದು ಕರೆದರು. ಇಂದಿನ ಅವಕಲನ ಹುಡುಕುವುದೂ ಇದನ್ನೇ. ಅದೇ ಗ್ರಂಥದಲ್ಲಿ ಗೋಳವನ್ನು, ಕೇಂದ್ರದಲ್ಲಿ ಮೊನೆ ಕೂಡುವ ಸಣ್ಣ ಸಣ್ಣ ಸೂಜಿಗಳಾಗಿ ಒಡೆದು, ಅವನ್ನೆಲ್ಲ ಕೂಡಿಸಿ ಘನಫಲ ತೆಗೆದರು. ಅನುಕಲನದ ಬೀಜ ಅಲ್ಲಿದೆ.

ಮುಂದೆ ಕೇರಳದಲ್ಲಿ ಗಣಿತಜ್ಞ ಮಾಧವನ ಶಿಷ್ಯಪರಂಪರೆ ಅನಂತ ಶ್ರೇಣಿಗಳನ್ನು ಕಟ್ಟಿತು. 1530ರ ಸುಮಾರಿಗೆ ಅದೇ ಪರಂಪರೆಯ ಜ್ಯೇಷ್ಠದೇವ ಅವುಗಳ ಸಾಧನೆಯನ್ನು ತನ್ನ ಮಲಯಾಳದಲ್ಲೇ ಬರೆದಿಟ್ಟ. ಹದಿನೇಳನೆಯ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್‌ನಿಟ್ಸ್, ಅವಕಲನ ಅನುಕಲನಗಳು ಒಂದಕ್ಕೊಂದು ವಿಲೋಮ ಎಂಬುದನ್ನು ಸರ್ವತ್ರ ಬಳಸಬಲ್ಲ ವಿಧಾನವಾಗಿಸಿದರು.

ಆ ಸಂಬಂಧ ಕೃಷ್ಣಾ ನದಿಯ ಮೇಲಿನ ತಿಂಥಣಿಯ ಸೇತುವೆಯ ಕೆಳಗೇ ಹರಿಯುತ್ತಿದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ಒಂದು ಲಕ್ಷ ಕ್ಯೂಸೆಕ್ ನೀರು ಬಿಟ್ಟರೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 8.64 ಟಿಎಂಸಿ (ಟಿಎಂಸಿ ಎಂದರೆ ಶತಕೋಟಿ ಘನ ಅಡಿ). ಹೀಗೆ ನಾಲ್ಕು ದಿನ ಬಿಟ್ಟರೆ, ಸುಮಾರು 33 ಟಿಎಂಸಿ ಹಿಡಿಯುವ ಆ ಜಲಾಶಯವನ್ನೇ ಮೀರಿದ ನೀರು ಹರಿದುಹೋಗಿರುತ್ತದೆ. ಕ್ಯೂಸೆಕ್ ಎಂಬುದು ವೇಗ, ಟಿಎಂಸಿ ಎಂಬುದು ಮೊತ್ತ. ವೇಗದಿಂದ ಮೊತ್ತಕ್ಕೆ ಹೋದರೆ ಅನುಕಲನ, ಮೊತ್ತದಿಂದ ವೇಗಕ್ಕೆ ಮರಳಿದರೆ ಅವಕಲನ.

ಆದರೆ ಗೇಟುಗಳನ್ನು ಗಂಟೆಗಂಟೆಗೂ ಏರಿಸಿ ಇಳಿಸಿದರೆ? ದಿನವನ್ನು ಗಂಟೆಗಳಾಗಿ, ಗಂಟೆಯನ್ನು ನಿಮಿಷಗಳಾಗಿ ಒಡೆದು ಕೂಡಿಸುತ್ತ ಹೋಗಬೇಕು. ತುಂಡು ಸಣ್ಣದಾದಷ್ಟೂ ಮೊತ್ತ ಯಾವ ಸಂಖ್ಯೆಗೆ ಹತ್ತಿರವಾಗುತ್ತದೆ? ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೆ: ಸೂತ್ರ ಬರೆಸುವ ಮೊದಲು ಈ ಲೆಕ್ಕ ಮಾಡಿಸಿ. ಆ ಸಂಖ್ಯೆಯನ್ನು ಮಕ್ಕಳೇ ಹುಡುಕತೊಡಗಿದಾಗ ‘ಮಿತಿ’ ಎಂಬ ಹೆಸರು ಕೊಡಿ. ಆಗ ಅದು ಅವರಿಗೆ ಭಾರವಾಗದು, ಬೇಕೇಬೇಕಾದ ಸಾಧನವಾಗುತ್ತದೆ.