ದೊಡ್ಡ ಹೋಟೆಲಿನ ಊಟ



ರಾಜ್ಯೋತ್ಸವದ ವೇದಿಕೆಯ ಮೇಲೆ ಪಂಪನನ್ನೋ ಪುಲಕೇಶಿಯನ್ನೋ ನೆನೆಯುವುದು ವಾಡಿಕೆ. ನಾವು ಬ್ಯಾಂಕಿನ ಗುಮಾಸ್ತರು. ಓದಿದ್ದು ಬಿ.ಕಾಂ. ಪಂಪನ ವಿಷಯವನ್ನು ತಿಳಿದವರು ಹೇಳಲಿ. ನಮಗೆ ತಿಳಿದಿರುವುದು ಜಮಾಖರ್ಚು, ಪ್ರಿಯವಾದುದು ಊಟ. ಇವೆರಡೂ ಕೂಡುವ ವಿಷಯವೊಂದಿದೆ. ಅದು ದೊಡ್ಡ ಹೋಟೆಲಿನ ಊಟ. ಆ ವಿಚಾರವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಲು ನಿಂತಿದ್ದೇವೆ. ಇದು ಸಿರಿವಂತರ ವಿಷಯವಲ್ಲವೇ, ಕುಷಾಯಿಗೂಡದ ನಮಗೇಕೆ ಎಂದು ತಾವು ಕೇಳಬಹುದು. ಆ ‘ನಮಗೇಕೆ’ ಎಂಬ ಮಾತಿನ ಮೇಲೆಯೇ ನಮ್ಮ ತಕರಾರು.

ಮೊದಲು ‘ಹೋಟೆಲು’ ಎಂಬ ಶಬ್ದವನ್ನು ನೋಡೋಣ. ಇಂಗ್ಲಿಷರಿಗೆ ಅದು ರಾತ್ರಿ ತಂಗುವ ಮನೆ. ನಮಗೆ ಇಡ್ಲಿ, ಚಟ್ನಿ, ಬಿಸಿ ಕಾಫಿಯ ಮನೆ. ಈ ಅರ್ಥವನ್ನು ಕೊಟ್ಟವರು ಉಡುಪಿಯ ಕಡೆಯವರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ 1924ರಷ್ಟು ಹಳೆಯದು. ಅಡಿಗೆಮನೆಯ ಚಾಕರಿಯಿಂದ ಮೇಲೆ ಬಂದ ಕಡಂದಲೆ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಪಂಚೆ ಉಟ್ಟವನೂ ಕುರ್ಚಿಯ ಮೇಲೆ ಅಳುಕಿಲ್ಲದೆ ಕುಳಿತು, ಕೈಯಿಂದಲೇ ಉಂಡು, ದೊಡ್ಡಮನುಷ್ಯನಂತೆ ಹೊರಗೆ ಬರಬಹುದಾದ ಸ್ಥಳಗಳನ್ನು ಈ ಜನ ಕಟ್ಟಿದರು. ಊರಿಗೆಲ್ಲ ಊಟ ಬಡಿಸಿದ ನಮ್ಮ ಜನವೇ ಅರಮನೆ ಹೋಟೆಲಿನ ಬಾಗಿಲ ಮುಂದೆ ಕಾಲು ಹಿಂದೆ ಸರಿಸುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಆದರೆ ಆ ಅಳುಕು ಬರೀ ಭ್ರಮೆಯೆಂದು ಹೇಳಲಾರೆವು. ಪಂಚೆ ಉಟ್ಟವರನ್ನು ಕ್ಲಬ್ಬುಗಳು ಒಳಗೆ ಬಿಡುತ್ತಿರಲಿಲ್ಲವೆಂದು ತಮಿಳುನಾಡಿನಲ್ಲಿ 2014ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ನಮ್ಮ ಬೆಂಗಳೂರಿನಲ್ಲೇ 2024ರ ಜುಲೈನಲ್ಲಿ, ಹಾವೇರಿ ಕಡೆಯ ಒಬ್ಬ ರೈತರು ಮಗನೊಡನೆ ಸಿನಿಮಾ ನೋಡಲೆಂದು ಒಂದು ಮಾಲಿಗೆ ಹೋದಾಗ ಪಂಚೆಯ ಕಾರಣಕ್ಕೆ ಬಾಗಿಲಲ್ಲೇ ತಡೆದರು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಹೀಗಿರುವಲ್ಲಿ ನಮ್ಮ ಹಿರಿಯರು “ಅಲ್ಲಿಗೆಲ್ಲ ನಾವ್ಯಾಕೆ” ಎಂದರೆ ಅವರನ್ನು ನಗಬಾರದು.

ಮೈಸೂರಿನ ಲಲಿತಮಹಲ್ ತಮಗೆ ಗೊತ್ತೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ವೈಸರಾಯರ ಬಿಡಾರಕ್ಕೆಂದು ಕಟ್ಟಿಸಿದ್ದು, 1974ರಲ್ಲಿ ಹೋಟೆಲಾಯಿತು. ಆದರೆ ಅದು ದೂರವಾಯಿತು. ನಮ್ಮ ಪಾಲಿಗೆ ಇದೇ ಊರಿನಲ್ಲಿ, ಚಾರ್‌ಮಿನಾರಿನ ಆಚೆ ಗುಡ್ಡದ ಮೇಲೆ ಫಲಕ್‌ನುಮಾ ಇದೆ. ಹೆಸರಿನ ಅರ್ಥ ಆಕಾಶದ ಕನ್ನಡಿ. ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ, ಏಕೆಂದರೆ ಬ್ಯಾಂಕಿನವರಿಗೆ ಅದಕ್ಕಿಂತ ರುಚಿಯಾದ ಕಥೆ ಇನ್ನೊಂದಿಲ್ಲ.

ಕಟ್ಟಿಸಿದವರು ನವಾಬ್ ವಿಕಾರ್-ಉಲ್-ಉಮ್ರಾ. ಪೈಗಾ ಮನೆತನದವರು, ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರಿಗೆ ಭಾವನಾಗಬೇಕು, ಮುಂದೆ ಹೈದರಾಬಾದಿನ ಪ್ರಧಾನಮಂತ್ರಿಗಳೂ ಆದರು. ಬೀದರಿಗೆ ಹೋಗುವ ದಾರಿಯಲ್ಲಿ ಸಿಗುವ ವಿಕಾರಾಬಾದ್ ಜಂಕ್ಷನ್ನಿಗೂ ಇವರದೇ ಹೆಸರು. 1884ರಲ್ಲಿ ಅರಮನೆಗೆ ತಳಪಾಯ ಹಾಕಿದರು, ಮುಗಿಯುವಾಗ 1893. ಇಟಲಿಯ ಅಮೃತಶಿಲೆ, ಬಣ್ಣದ ಗಾಜು, ಚೇಳಿನ ಆಕಾರದ ನಕ್ಷೆ. ನಲವತ್ತು ಲಕ್ಷ ರೂಪಾಯಿ ತಗುಲಿತೆಂದು ಹೇಳುತ್ತಾರೆ. ಮನೆಯೇನೋ ಎದ್ದು ನಿಂತಿತು, ಮನೆಯ ಯಜಮಾನರು ಸಾಲದಲ್ಲಿ ಕುಳಿತರು. ಕೊನೆಗೆ ನಿಜಾಮರನ್ನು ಔತಣಕ್ಕೆ ಕರೆದು, ಅವರು ಮೆಚ್ಚಿದೊಡನೆ ಅರಮನೆಯನ್ನೇ ಕಾಣಿಕೆಯಾಗಿ ಒಪ್ಪಿಸಿದರೆಂದೂ, ನಿಜಾಮರು ಹಣ ಕೊಟ್ಟು ಅವರನ್ನು ಸಾಲದಿಂದ ಬಿಡಿಸಿದರೆಂದೂ ಕಥೆ. ಸಾಲಗಾರ ಆಸ್ತಿಯನ್ನು ಬಿಟ್ಟುಕೊಟ್ಟು ಮಾನ ಉಳಿಸಿಕೊಂಡ ರೀತಿ ಎಷ್ಟು ನಾಜೂಕಾಗಿದೆ ನೋಡಿ. ನಮ್ಮ ಬ್ಯಾಂಕಿನಲ್ಲಿ ಅಂಥ ಸಾಲಗಾರರು ಈಗ ಬರುವುದಿಲ್ಲ.

ಆಮೇಲೆ ಅದು ನಿಜಾಮರ ಅತಿಥಿಗೃಹವಾಯಿತು. ಮುಂದೆ ಐದನೆಯ ಜಾರ್ಜ್ ಎನಿಸಿಕೊಂಡ ರಾಜಕುಮಾರರು ಅಲ್ಲಿ ತಂಗಿದ್ದರು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರಪ್ರಸಾದರು ಬಂದುಹೋದ ಮೇಲೆ ಬಹುಕಾಲ ಬೀಗ ಬಿದ್ದಿತ್ತು. ರಾಜಕುಮಾರಿ ಎಸ್ರಾ ಅವರ ಮೇಲ್ವಿಚಾರಣೆಯಲ್ಲಿ ಹತ್ತು ವರ್ಷದ ದುರಸ್ತಿ ನಡೆದು, 2010ರ ನವೆಂಬರಿನಲ್ಲಿ ತಾಜ್ ಸಂಸ್ಥೆಯವರ ಹೋಟೆಲಾಗಿ ಬಾಗಿಲು ತೆರೆಯಿತು.

ಇನ್ನು ನಮಗೂ ಇದಕ್ಕೂ ಇರುವ ಸಂಬಂಧವನ್ನು ಹೇಳುತ್ತೇವೆ. 1948ರ ತನಕ ನಿಜಾಮರ ಸಂಸ್ಥಾನದಲ್ಲಿದ್ದದ್ದು ತೆಲುಗು, ಮರಾಠಿ ಸೀಮೆಗಳು ಮಾತ್ರವಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಇದ್ದವು. ಪೈಗಾ ಜಹಗೀರುಗಳು ಬೀದರ, ಕಲಬುರಗಿ ಸೀಮೆಯಲ್ಲೂ ಇದ್ದವು. ಅಲ್ಲಿಯ ಜೋಳದ ಹೊಲ, ತೊಗರಿಯ ಹೊಲಗಳ ಕಂದಾಯ ಹಾಲಿ ಸಿಕ್ಕಾ ರೂಪಾಯಿಗಳಾಗಿ ಈ ಊರಿನ ಖಜಾನೆಗೆ ಬರುತ್ತಿತ್ತು. ಏಳು ಹಾಲಿ ರೂಪಾಯಿ ಆರು ಸರ್ಕಾರಿ ರೂಪಾಯಿಗೆ ಸಮ. ಆ ನಾಣ್ಯ ಪೂರ್ತಿ ನಿಂತದ್ದು 1959ರಲ್ಲಿ. ಆ ಮೂರು ಜಿಲ್ಲೆಗಳು 1956ರ ನವೆಂಬರ್ 1ರಂದು ನಮ್ಮ ರಾಜ್ಯವನ್ನು ಸೇರಿದವು. ನಾವು ಇಲ್ಲಿ ದೀಪ ಹಚ್ಚಿದ್ದು ಅದೇ ದಿನದ ನೆನಪಿಗೆ. ಫಲಕ್‌ನುಮಾದ ದೀಪಗುಚ್ಛದಲ್ಲಿ ಎಷ್ಟು ಗಾಜು ಬೆಳಗಾವಿಯದು, ಎಷ್ಟು ಬೆಲ್ಜಿಯಮ್ಮಿನದು ಎಂದು ಕೇಳಿದರೆ ಎಲ್ಲವೂ ಪರದೇಶದ್ದೇ ಎನ್ನಬೇಕು. ಆದರೆ ಅದರ ಬೆಲೆಯನ್ನು ತೆತ್ತವರಲ್ಲಿ ನಮ್ಮ ರೈತರೂ ಇದ್ದರೆಂದು ಲೆಕ್ಕ ಬಲ್ಲವರಾಗಿ ಹೇಳಬಲ್ಲೆವು.

ನಮ್ಮ ಮಾವನವರು ಬೀದರ ಜಿಲ್ಲೆಯವರು. ರಾಜ್ಯ ಹುಟ್ಟಿದ ವರ್ಷವೇ ಹುಟ್ಟಿದವರು. ಇ.ಸಿ.ಐ.ಎಲ್. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಕುಷಾಯಿಗೂಡದಲ್ಲೇ ನೆಲೆಸಿದ್ದಾರೆ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಆ ಗುಡ್ಡವನ್ನು ಕೆಳಗಿನಿಂದ ನೋಡಿದ್ದರೇ ಹೊರತು ಹತ್ತಿರಲಿಲ್ಲ. ಅತ್ತೆ ಮಾವಂದಿರ ಮದುವೆಯ ನಲವತ್ತನೆಯ ವರ್ಷಕ್ಕೆ ಅಲ್ಲಿ ಊಟ ಮಾಡಿಸಬೇಕೆಂದು ನಾವು ದಂಪತಿಗಳು ಒಂದು ವರ್ಷ ಮೊದಲೇ ನಿಶ್ಚಯಿಸಿದೆವು. ಮಾವನವರು ಒಪ್ಪಲಿಕ್ಕೆ ಒಂದು ಷರತ್ತು ಹಾಕಿದರು: “ಧೋತರ ಉಟ್ಟೇ ಬರ್ತೀನ್ರಿ. ಪ್ಯಾಂಟ್ ಕಾರ್ಖಾನಿಗಿ ಸಾಕಾತು.” ಫೋನು ಮಾಡಿ ಮೇಜು ಕಾದಿರಿಸುವಾಗಲೇ ಧೋತರದ ವಿಷಯ ಕೇಳಿದೆವು, ಅಡ್ಡಿಯಿಲ್ಲವೆಂದರು.

ಹೋದೆವು. ಮೆಟ್ಟಿಲು, ಅಮೃತಶಿಲೆ, ಸಂಜೆಯ ಹೊತ್ತು ಕೆಳಗೆ ಊರೆಲ್ಲ ದೀಪ ಹಚ್ಚಿಕೊಳ್ಳುವ ನೋಟ, ಇವನ್ನೆಲ್ಲ ವರ್ಣಿಸುವ ಶಕ್ತಿ ನಮಗಿಲ್ಲ. ಅಲ್ಲಿಯ ಭೋಜನಶಾಲೆಯಲ್ಲಿ ನೂರಒಂದು ಮಂದಿ ಒಟ್ಟಿಗೆ ಕೂಡುವ ಮೇಜಿದೆ. 2017ರ ನವೆಂಬರಿನಲ್ಲಿ ನಮ್ಮ ಪ್ರಧಾನಿಗಳು ಅಮೆರಿಕದ ಅಧ್ಯಕ್ಷರ ಮಗಳಿಗೆ ಔತಣ ಕೊಟ್ಟದ್ದು ಈ ಅರಮನೆಯಲ್ಲೇ. ನಮ್ಮಂಥವರು ಆ ಮೇಜನ್ನು ನೋಡಿ ಮುಂದೆ ಹೋಗುತ್ತೇವೆ. ಒಂದು ತುದಿಯಲ್ಲಿ ಪಿಸುಗುಟ್ಟಿದರೆ ಇನ್ನೊಂದು ತುದಿಗೆ ಕೇಳುವುದೆಂದು ತೋರಿಸುವವರು ಹೇಳಿದರು. ಮಾವನವರು ಮೇಜಿನ ಉದ್ದವನ್ನು ಕಣ್ಣಿನಲ್ಲೇ ಅಳೆದು, “ನಮ್ಮೂರ ಜಾತ್ರ್ಯಾಗ ಇದಕಿಂತ ಉದ್ದ ಪಂಗ್ತಿ ಕೂಡ್ತದ. ಅಲ್ಲಿ ಕೂಗಿದ್ರೂ ಕೇಳಸಲ್ಲ” ಎಂದರು.

ನಮಗೆ ಮೇಜು ಇದ್ದದ್ದು ‘ಅದಾ’ ಎಂಬ ಭಾಗದಲ್ಲಿ. ಅಲ್ಲಿ ಹೈದರಾಬಾದಿ ಅಡಿಗೆ. ನಾವು ನಾಲ್ವರೂ ಶಾಕಾಹಾರಿಗಳು. ಬಿರಿಯಾನಿಗೆ ಹೆಸರಾದ ಊರಿನಲ್ಲಿ ನಮಗೇನು ಸಿಕ್ಕೀತು ಎಂದು ಒಳಗೊಳಗೇ ಯೋಚನೆಯಿತ್ತು. ಬಘಾರೆ ಬೈಂಗನ್ ಬಂತು. ಸಣ್ಣ ಬದನೆಕಾಯಿಯನ್ನು ಇಡಿಯಾಗಿ ಸೀಳಿ, ಶೇಂಗಾ, ಎಳ್ಳು, ಕೊಬ್ಬರಿ ಹುರಿದು ಅರೆದು, ಹುಣಸೆಹುಳಿ ಬಿಟ್ಟು, ಎಣ್ಣೆ ಮೇಲೆ ತೇಲುವ ತನಕ ಬೇಯಿಸಿದ್ದು. ಜೊತೆಗೆ ಖಟ್ಟಿ ದಾಲ್, ಎಂದರೆ ಹುಳಿಬೇಳೆ. ಅತ್ತೆಯವರು ಒಂದು ತುತ್ತು ಬಾಯಿಗಿಟ್ಟು ಮಗಳ ಮುಖ ನೋಡಿದರು. “ಇದು ಎಣಗಾಯಿ ಅಲ್ಲೇನ? ಗುರೆಳ್ಳು ಹಾಕಿಲ್ಲ ಅಷ್ಟ.”

ಅಷ್ಟೇ ಮಾತು. ಆಮೇಲೆ ಆ ಮೇಜಿನ ಮೇಲಿದ್ದ ಬಿಗಿಯೆಲ್ಲ ಸಡಿಲವಾಯಿತು. ಮಾವನವರು ಚಮಚ ಮುಳ್ಳುಗಳನ್ನು ಒಂದು ಪಕ್ಕಕ್ಕೆ ಸರಿಸಿ ಕೈಯಿಂದ ಉಂಡರು. ಬಡಿಸುವ ಹುಡುಗನೊಡನೆ ಬೀದರಿನ ದಖನಿಯಲ್ಲಿ ಮಾತಿಗಿಳಿದು ಇನ್ನಷ್ಟು ಬೇಳೆ ತರಿಸಿಕೊಂಡರು. ಆತ ನಗುನಗುತ್ತ ಬಡಿಸಿದ. ಎಣ್ಣೆಗಾಯಿ ಬೀದರಿನಿಂದ ಹೈದರಾಬಾದಿಗೆ ಬಂತೋ, ಇಲ್ಲಿಂದ ಅಲ್ಲಿಗೆ ಹೋಯಿತೋ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ಒಂದೇ ಸೀಮೆಯ ಒಲೆಗಳು. ಗಡಿಯನ್ನು ಎಳೆದದ್ದು ಆಮೇಲೆ. ಕೊನೆಗೆ ಒಣಗಿದ ಜರ್ದಾಳು ಹಣ್ಣಿನ ಖುಬಾನಿ ಕಾ ಮೀಠಾ ಬಂತು. ಅದಕ್ಕೆ ಮಾತ್ರ ನಮ್ಮ ಕಡೆ ಸಾಟಿಯಿಲ್ಲವೆಂದು ಅತ್ತೆಯವರೂ ಒಪ್ಪಿದರು.

ಈಗ ಖರ್ಚಿನ ಬಾಬು. ನಾಲ್ವರ ಊಟಕ್ಕೆ ಆದದ್ದು ಕುಷಾಯಿಗೂಡದಲ್ಲಿ ನಮ್ಮ ಎರಡು ಕೋಣೆಯ ಮನೆಯ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು. ಬದನೆಕಾಯಿಗೆ ಅಷ್ಟು ಬೆಲೆಯೇ ಎಂದರೆ, ಖಂಡಿತ ಅಲ್ಲ. ಅಲ್ಲಿ ಕೊಡುವ ಹಣ ಬದನೆಕಾಯಿಗಲ್ಲ. ಆ ಛಾವಣಿಯ ದುರಸ್ತಿಗೆ, ಒಂದೊಂದು ಮೇಜಿಗೂ ನಿಲ್ಲುವ ಆಳುಕಾಳಿಗೆ, ಯಾರೂ ಏಳಿ ಎನ್ನದೆ ಎರಡೂವರೆ ಗಂಟೆ ಕುಳಿತ ಆ ಹೊತ್ತಿಗೆ. ಕಾಚಿಗುಡದ ಹೋಟೆಲಿನಲ್ಲಿ ನಮ್ಮ ಬೆನ್ನ ಹಿಂದೆ ಇನ್ನೊಬ್ಬ ಕುರ್ಚಿ ಹಿಡಿದು ನಿಂತಿರುತ್ತಾನೆ. ಬೆಲೆಯೂ ಅದಕ್ಕೆ ತಕ್ಕಂತೆ. ಇದನ್ನು ತಿಳಿದುಕೊಂಡು ಹೋದರೆ ಮೋಸಹೋದೆವೆಂಬ ಕೊರಗು ಇರುವುದಿಲ್ಲ.

ಬಿಲ್ಲನ್ನು ಓದುವುದಕ್ಕೆ ನಾಚಬಾರದು. ದೊಡ್ಡವರು ನೋಡದೆ ಕೊಡುತ್ತಾರೆಂದು ನಮ್ಮಲ್ಲೊಂದು ನಂಬಿಕೆ; ನಾವು ಕಂಡ ದೊಡ್ಡ ಖಾತೆದಾರರು ಯಾರೂ ಹಾಗಿಲ್ಲ. ದಿನದ ರೂಮು ಬಾಡಿಗೆ 7500 ರೂಪಾಯಿಗೆ ಮೇಲ್ಪಟ್ಟ ಹೋಟೆಲಿನೊಳಗಿನ ಊಟಕ್ಕೆ ಜಿ.ಎಸ್.ಟಿ. ಶೇಕಡ 18, ಬೀದಿಯ ಹೋಟೆಲಿನ ಊಟಕ್ಕೆ ಶೇಕಡ 5. ತೆರಿಗೆಯನ್ನು ಕೊಡಲೇಬೇಕು. ಆದರೆ ‘ಸರ್ವಿಸ್ ಚಾರ್ಜ್’ ತೆರಿಗೆಯಲ್ಲ. ಅದನ್ನು ಕಡ್ಡಾಯವಾಗಿ ಸೇರಿಸಬಾರದೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚನೆ ಹೊರಡಿಸಿತು. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬಡಿಸಿದವನು ಚೆನ್ನಾಗಿ ಬಡಿಸಿದ್ದರೆ ಅವನ ಕೈಗೇ ಕೊಡಿ.

ನೀರಿನ ವಿಷಯ ಬೇರೆ. ನಗರದ ಇನ್ನೊಂದು ದೊಡ್ಡ ಹೋಟೆಲಿನಲ್ಲಿ, ಹೆಸರು ಬೇಡ, ನಾವು ಬಾಯಿ ತೆರೆಯುವ ಮೊದಲೇ ಸೀಸೆಯ ನೀರನ್ನು ಬಿಚ್ಚಿ ಲೋಟಗಳಿಗೆ ಸುರಿದಿದ್ದರು. ಹೊರಗಿನ ಅಂಗಡಿಯ ಬೆಲೆಯ ಹಲವು ಪಟ್ಟು ಬಿಲ್ಲಿನಲ್ಲಿ ಬಂತು. ಜಗಳವಾಡುವಂತಿಲ್ಲ. ಬಡಿಸುವ ಸ್ಥಳದಲ್ಲಿ ಮುದ್ರಿತ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದೆಂದು 2017ರ ಡಿಸೆಂಬರಿನಲ್ಲಿ ಸುಪ್ರೀಂಕೋರ್ಟು ಹೇಳಿದೆ. ಆದ್ದರಿಂದ ಕುಳಿತೊಡನೆ “ಸಾದಾ ನೀರು ಕೊಡಿ” ಎಂದುಬಿಡಿ. ಅದನ್ನು ಕೇಳುವುದರಿಂದ ಯಾರ ಮಾನವೂ ಹೋಗುವುದಿಲ್ಲ.

ನಮಗೆ ನಿಜವಾಗಿ ಕಳವಳ ತರುವುದು ಬೇರೊಂದು. ಕೌಂಟರಿನ ಈಚೆ ಕುಳಿತವರಿಗೆ ಕಾಣುವ ದೃಶ್ಯವಿದು: ಇಪ್ಪತ್ತೈದು ಮೂವತ್ತರ ಹುಡುಗರು, ಒಳ್ಳೆಯ ಸಂಬಳ, ತಿಂಗಳ ಕೊನೆಗೆ ಕ್ರೆಡಿಟ್ ಕಾರ್ಡಿನ ಮೇಲೆ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುವುದು. ಉಳಿದದ್ದಕ್ಕೆ ಬಡ್ಡಿ ತಿಂಗಳಿಗೆ ಶೇಕಡ ಮೂರು, ಮೂರೂವರೆ. ವರ್ಷಕ್ಕೆ 36ರಿಂದ 42. ಒಂದು ಸಂಜೆಯ ಊಟವನ್ನು ವರ್ಷವಿಡೀ ಉಣ್ಣುತ್ತಾರೆ, ಹೊಟ್ಟೆ ಮಾತ್ರ ತುಂಬುವುದಿಲ್ಲ. ಪ್ರಧಾನಮಂತ್ರಿಯಾದ ನವಾಬರಿಗೆ ಭಾವಮೈದುನ ನಿಜಾಮರಿದ್ದರು. ನಮ್ಮ ಹುಡುಗರಿಗೆ ಯಾರಿದ್ದಾರೆ? ನಾವು ತಿಂಗಳಿಗೆ ಎರಡು ಸಾವಿರದಂತೆ ಆವರ್ತ ಠೇವಣಿ ಕಟ್ಟಿ, ಅದು ಪಕ್ವವಾದ ವಾರ ಹೋದೆವು. ಸ್ನೇಹಿತರು ನಕ್ಕರು. ನಗಲಿ.

ಹೋಗಬೇಕೆನ್ನುವವರಿಗೆ ಕೆಲವು ಸೂಚನೆ. ಮೊದಲೇ ಫೋನು ಮಾಡಿ ಮೇಜು ಕಾದಿರಿಸಬೇಕು. ಸುಮ್ಮನೆ ಗೇಟಿಗೆ ಹೋದರೆ ಒಳಗೆ ಬಿಡುವುದಿಲ್ಲ. ಬೆಲೆಯನ್ನೂ ಆಗಲೇ ಕೇಳಿಕೊಳ್ಳಿ. ಪೂರ್ತಿ ಊಟ ಭಾರವೆನಿಸಿದರೆ ಸಂಜೆಯ ಚಹದ ಏರ್ಪಾಡೂ ಇದೆ, ಅದೂ ಅಗ್ಗವಲ್ಲ. ಹಿರಿಯರಿಗೆ ಮೆಟ್ಟಿಲು ಹತ್ತುವುದು ಕಷ್ಟವಾದರೆ ಮುಂಚೆ ತಿಳಿಸಿ. ಇಲ್ಲಿಂದ ಹಳೆಯ ಊರನ್ನು ದಾಟಿ ಹೋಗಬೇಕಾದ್ದರಿಂದ ಎರಡು ಗಂಟೆ ಮೊದಲೇ ಹೊರಡಿ. ಕತ್ತಲಾಗುವ ಮುನ್ನ ಗುಡ್ಡದ ಮೇಲಿರಬೇಕು. ಮಕ್ಕಳನ್ನು ಕರೆದೊಯ್ದರೆ ಆ ನೂರಒಂದು ಕುರ್ಚಿಯ ಮೇಜನ್ನು ತೋರಿಸಿ, ಬೀದರ ಕಲಬುರಗಿಯ ಕಂದಾಯದ ಮಾತನ್ನೂ ಹೇಳಿ. ಹೇಳುವುದನ್ನು ಕನ್ನಡದಲ್ಲೇ ಹೇಳಿ, ಸ್ವಲ್ಪ ಗಟ್ಟಿಯಾಗಿ.

ಇಷ್ಟು ಹೊತ್ತು ಹಸಿವನ್ನು ತಡೆದುಕೊಂಡು ಕೇಳಿದಿರಿ. ಒಳಗೆ ಬಿಸಿಬೇಳೆಭಾತು ಸಿದ್ಧವಾಗಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.