ಹಲ್ಲು ಕೀಳಿಸುವ ಮುನ್ನ
(ಕೊಟ್ಟೂರಿನಲ್ಲಿ ಮಾಡಿದ ಭಾಷಣ)



ಇಂದು ನಾವು ಬೋನಸ್ಸಿನ ಮಾತಾಡುವುದಿಲ್ಲ, ಹಲ್ಲಿನ ಮಾತಾಡುತ್ತೇವೆ. ನಗಬೇಡಿ. ಜೋಳದ ರೊಟ್ಟಿ ಅಗಿದು ದುಡಿಯುವ ಸೀಮೆ ನಮ್ಮದು. ದವಡೆ ನೋವು ಬಂದ ದಿನ ಪಾಳಿ ತಪ್ಪುತ್ತದೆ, ಕೂಲಿ ಹೋಗುತ್ತದೆ, ಅಂಗಡಿಯ ಬಾಗಿಲು ಮುಚ್ಚುತ್ತದೆ.

ನೋವು ಬಂದರೆ ನಮ್ಮವರು ಮೊದಲು ಲವಂಗ ಇಡುತ್ತಾರೆ, ಆಮೇಲೆ ಮಾತ್ರೆ ನುಂಗುತ್ತಾರೆ, ಕೊನೆಗೆ ‘ಕಿತ್ತುಬಿಡಿ ಡಾಕ್ಟರೇ, ಅದೇ ಅಗ್ಗ’ ಎನ್ನುತ್ತಾರೆ. ಮಾಸ್ತರಿಕೆಯಲ್ಲಿದ್ದಾಗ ನಾವೂ ಹೀಗೆಯೇ ಮಾಡಿದೆವು. ಸಾಸಿವೆ ಕಾಳಿನಷ್ಟು ತೂತಿದ್ದಾಗ, ಸಂಬಳ ಬರಲಿ ಎಂದು ಮುಂದೂಡಿದೆವು. ಒಂದು ದಿನ ನೋವು ತಾನೇ ನಿಂತಿತು. ವಾಸಿಯಾಯಿತೆಂದು ಹಿಗ್ಗಿದೆವು. ನಿಜವಾಗಿ ಒಳಗಿನ ನರ ಸತ್ತಿತ್ತು. ಕೀವಾಯಿತು, ಹಲ್ಲು ವಸಡಿನವರೆಗೆ ಮುರಿಯಿತು, ಕೀಳಿಸಲೇಬೇಕಾಯಿತು. ತೂತು ತುಂಬಿಸಿದ್ದರೆ ಅಂದೇ ಮುಗಿಯುತ್ತಿತ್ತು.

ಆದ್ದರಿಂದ ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ. ವಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಬೇರು ಹಿಡಿದ ಎಲುಬು ಭದ್ರವಾಗಿದೆಯೇ? ಆ ಹಲ್ಲು ಅಗಿಯಲು ಬೇಕಾದದ್ದೇ? ಎಲುಬಿನ ಸ್ಥಿತಿಯನ್ನು ಎಕ್ಸ್‌ರೇ ತೋರಿಸುತ್ತದೆ. ಬೇರು ಸೀಳಿದ್ದರೆ, ಎಲುಬು ಸವೆದು ಹಲ್ಲು ತೀರ ಅಲುಗಾಡುತ್ತಿದ್ದರೆ, ಮೂಲೆಯ ಬುದ್ಧಿಹಲ್ಲು ಕೊಳೆತಿದ್ದರೆ, ಸಾಲ ಮಾಡಿ ಉಳಿಸಬೇಡಿ. ಕೀಳಿಸಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಆದರೆ ಬುಡ ಗಟ್ಟಿಯಿರುವ ದವಡೆ ಹಲ್ಲನ್ನು ಅಗ್ಗವೆಂದು ಕೀಳಿಸಿದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಎದುರಿನದು ಇಳಿಯುತ್ತದೆ. ಕಟ್ಟುಹಲ್ಲು ಹಾಕಿಸುವ ಖರ್ಚು ನಾಳೆ ಬರುತ್ತದೆ. ಖಾತೆ ಬರೆಯುವ ವ್ಯಾಪಾರಿಗೆ ಇದು ತಿಳಿಯದ್ದಲ್ಲ. ಬೇರು ಚಿಕಿತ್ಸೆ ಮಾಡಿಸುವವರು ಕ್ಯಾಪಿನ ಖರ್ಚನ್ನೂ ಸೇರಿಸಿ ಒಟ್ಟು ಎಷ್ಟೆಂದು ಮೊದಲೇ ಕೇಳಿ. ಕ್ಯಾಪಿಲ್ಲದ ದವಡೆ ಹಲ್ಲು ರೊಟ್ಟಿ ಕಡಿಯುವಾಗ ಸೀಳಬಹುದು.

ಇನ್ನೊಂದು ಮಾತು. ಕೂಡ್ಲಿಗಿ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಹಲ್ಲು ಕಂದುಗಟ್ಟುತ್ತದೆ. ಕಲೆಯೆಲ್ಲ ಹುಳುಕಲ್ಲ. ಬಣ್ಣ ನೋಡಿ ಕೀಳಿಸಬೇಡಿ.

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ, ದಾವಣಗೆರೆಯಲ್ಲೂ ದಂತ ಕಾಲೇಜುಗಳಿವೆ. ಅಲ್ಲಿ ಗುರುಗಳ ಕಣ್ಣೆದುರು ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ. ಹಲವು ಸಲ ಹೋಗಬೇಕಾಗಬಹುದು. ಬಸ್ ಚಾರ್ಜನ್ನೂ ತಪ್ಪುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಖ ಬಾತು ಜ್ವರ ಬಂದರೆ, ನುಂಗಲು, ಉಸಿರಾಡಲು ಕಷ್ಟವಾದರೆ, ಅಗ್ಗ ತುಟ್ಟಿ ನೋಡದೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ.

2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ವಿಜಯನಗರ ಜಿಲ್ಲೆಗೆ ಸೇರಿದವು. ಬೋರ್ಡು ಬದಲಾದರೆ ಸಾಲದು. ಕೀಳುವುದಷ್ಟೇ ಅಲ್ಲ, ಹಲ್ಲು ಉಳಿಸುವ ಚಿಕಿತ್ಸೆಯೂ ಈ ಐದೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವನಿಗೆ ದಕ್ಕಬೇಕು. ಇದನ್ನು ನಾವು ಒಕ್ಕೊರಲಿನಿಂದ ಕೇಳಬೇಕು.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ಹಿರಿಯರ ಮಾತು. ಕಡಲೆಗಾಗಿ ಹೋರಾಡುತ್ತಿರುವ ನಾವು, ಅದು ಕೈಗೆ ಬರುವ ಹೊತ್ತಿಗೆ ಹಲ್ಲನ್ನೂ ಉಳಿಸಿಕೊಂಡಿರೋಣ.