ಹಸಿರೆಲ್ಲ ಒಂದೇ ಅಲ್ಲ: ಡ್ರೋನ್ ಕಣ್ಣಿನಲ್ಲಿ ನಮ್ಮ ಕಾಡು

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ಮೇಡಂ, ಪರಿಸರದ ಬಗ್ಗೆ ಮಾತಾಡಿ, ಆದರೆ ಗಿಡ ನೆಡಿ ಅಂತ ಮಾತ್ರ ಹೇಳಬೇಡಿ, ಅದು ಪ್ರತಿ ವರ್ಷ ಆಗ್ತದೆ" ಅಂದರು. ಅದಕ್ಕೇ ಡ್ರೋನ್ ವಿಷಯ ಆರಿಸಿಕೊಂಡೆ. ಡ್ರೋನ್ ನಮಗೇನೂ ಹೊಸದಲ್ಲ. ಮದುವೆಯಲ್ಲಿ ಧಾರೆಯ ಹೊತ್ತಿಗೆ ತಲೆಯ ಮೇಲೆ ಗುಂಯ್ ಅಂತ ಬರುತ್ತದಲ್ಲ, ಅದೇ. ಆ ಯಂತ್ರ ಈಗ ಅಭಯಾರಣ್ಯಗಳ ಮೇಲೂ ಹಾರುತ್ತಿದೆ. ಗಿಡಮರಗಳ ಸ್ಥಿತಿ ಹೇಗಿದೆ ಎಂದು ನೋಡಲು.

ಕಾಡಿನ ಹಸಿರನ್ನು ನೋಡಲು ಉಪಗ್ರಹಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ಆದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಮುಂಬೈಯಲ್ಲಿ ನಮ್ಮಲ್ಲಿ ಬಹಳ ಮಂದಿಯ ಫ್ಲ್ಯಾಟ್‌ಗಿಂತ ದೊಡ್ಡದು! ಅಷ್ಟು ಜಾಗದಲ್ಲಿ ತೇಗ ಎಷ್ಟು, ಪೊದೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಡ್ರೋನ್ ತಗ್ಗಿನಲ್ಲಿ ಹಾರುವುದರಿಂದ ಅದರ ಚುಕ್ಕೆ ಕೆಲವೇ ಸೆಂಟಿಮೀಟರ್. ಒಂದೊಂದು ಮರದ ನೆತ್ತಿಯೂ ಬೇರೆಯಾಗಿ ಕಾಣುತ್ತದೆ.

ಅದು ಉಳುವ ಎತ್ತಿನ ಹಾಗೆ ಸಾಲು ಹಿಡಿದು ಹೋಗಿ ಬರುತ್ತದೆ. ಒಂದು ಚಿತ್ರದ ಬಹುಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯುತ್ತದೆ. ಆಮೇಲೆ ಕಂಪ್ಯೂಟರ್ ಅವನ್ನೆಲ್ಲ ಕೌದಿ ಹೊಲಿದಂತೆ ಜೋಡಿಸಿ ಒಂದೇ ನಕ್ಷೆ ಮಾಡುತ್ತದೆ. ಕೆಲವು ಕ್ಯಾಮೆರಾಗಳು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಿಡಿಯುತ್ತವೆ. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಅವಕೆಂಪನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಇವೆರಡನ್ನೂ ಹೋಲಿಸಿದರೆ ಸೊರಗುತ್ತಿರುವ ಗಿಡ ಯಾವುದು ಎಂದು ಗುರುತಿಸಬಹುದು.

ಇದು ನಮ್ಮ ಕಾಡುಗಳಿಗೆ ಏಕೆ ಬೇಕು? ನನ್ನ ತವರು ಚಾಮರಾಜನಗರ ಜಿಲ್ಲೆ. ಅಲ್ಲಿನ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ದೊಡ್ಡ ತಲೆನೋವು ಲಂಟಾನ. ಹಳದಿ-ಗುಲಾಬಿ ಬಣ್ಣದ ಚೆಂದದ ಹೂಗೊಂಚಲು, ಮುಳ್ಳಿನ ಪೊದೆ. 19ನೇ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಭಾರತಕ್ಕೆ ತಂದ ಅಮೆರಿಕ ಖಂಡದ ಗಿಡ. ಇದರ ಎಲೆ ದನಕರುಗಳಿಗೆ ವಿಷ. ಇದು ಹಬ್ಬಿದಲ್ಲಿ ಹುಲ್ಲು ಬೆಳೆಯುವುದಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ 134 ಕಡೆ ನೆಲ ಗುರುತು ಮಾಡಿ ಸಂಶೋಧಕರು ನಡೆದೇ ಲೆಕ್ಕ ಹಾಕಿದರು. 1997ರಲ್ಲಿ ಶೇ. 41 ಕಡೆ ಲಂಟಾನ ಇತ್ತು. 2008ರಲ್ಲಿ ಶೇ. 81 ಕಡೆ! ಹನ್ನೊಂದು ವರ್ಷಕ್ಕೊಮ್ಮೆ ಎಣಿಸಿದರೆ ಕಾಡು ಕೈತಪ್ಪಿರುತ್ತದೆ. ಬೇಗ ಬೇಗ ನೋಡುವ ಕಣ್ಣು ಬೇಕು. ಡ್ರೋನ್‌ನ ಉಪಯೋಗ ಇಲ್ಲೇ.

ಆದರೆ ಆ ಕಣ್ಣಿಗೂ ಮಿತಿ ಇದೆ. ಬಂಡೀಪುರ, ನಾಗರಹೊಳೆಗಳಲ್ಲಿ ಹಬ್ಬುತ್ತಿರುವ ಇನ್ನೊಂದು ಹೊರಗಿನ ಸಸ್ಯ ಸೆನ್ನಾ ಸ್ಪೆಕ್ಟಾಬಿಲಿಸ್. ಅದು ಮರ. ಹೂ ಬಿಟ್ಟಾಗ ನೆತ್ತಿಯೆಲ್ಲ ಹಳದಿ, ಮೇಲಿನಿಂದ ಸುಲಭವಾಗಿ ಸಿಕ್ಕಿಬೀಳುತ್ತದೆ. ಲಂಟಾನ ಹಾಗಲ್ಲ. ದೊಡ್ಡ ಮರಗಳ ನೆರಳಲ್ಲಿ ಅಡಗಿರುತ್ತದೆ. ಮರಗಳು ಎಲೆ ಉದುರಿಸುವ ಕಾಲ ನೋಡಿ ಹಾರಿಸಿದರೆ ಸ್ವಲ್ಪ ಕಂಡೀತು. ಉಳಿದದ್ದಕ್ಕೆ ನೆಲದ ಮೇಲೆ ನಡೆಯುವವರೇ ಬೇಕು.

ನನ್ನ ಸೋದರಳಿಯ ಇಂಥ ಅಧ್ಯಯನದ ತಂಡವೊಂದರಲ್ಲಿದ್ದ. ಒಮ್ಮೆ ಬೆಟ್ಟಕ್ಕೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಡ್ರೋನ್ ಚಿತ್ರ ತೋರಿಸಿದ. "ಎಷ್ಟು ಹಸಿರಾಗಿದೆಯಪ್ಪ!" ಅಂದೆ. ತಂಡಕ್ಕೆ ದಾರಿ ತೋರಿಸುತ್ತಿದ್ದ ಸೋಲಿಗರ ಹಿರಿಯಮ್ಮ ಒಬ್ಬರು ಪಕ್ಕದಲ್ಲೇ ಇದ್ದರು. ಬಗ್ಗಿ ನೋಡಿ, "ಹಸ್ರೇನೋ ಅದ ಕಣವ್ವ. ಕಡವೆ ತಿನ್ನಕ್ಕೆ ಅದರಲ್ಲಿ ಏನದ?" ಅಂದರು. ಕಾಲೇಜಿನಲ್ಲಿ ವರ್ಷಗಟ್ಟಲೆ ಸಸ್ಯಶಾಸ್ತ್ರ ಕಲಿಸಿದ ನನಗೆ ಮಾತೇ ಹೊರಡಲಿಲ್ಲ. ಯಾವ ಹಸಿರು ಎಂಬುದನ್ನು ನಾನು ಕೇಳಿಯೇ ಇರಲಿಲ್ಲ.

ಸೋಲಿಗರು ಹಿಂದೆ ಬೇಸಿಗೆಯ ಮೊದಲಿಗೆ 'ತರಗು ಬೆಂಕಿ' ಹಾಕುತ್ತಿದ್ದರು. ಒಣ ಎಲೆಯಷ್ಟೇ ಸುಟ್ಟು ಆರುವ ಸಣ್ಣ ಬೆಂಕಿ. ಅದು ನಿಂತ ಮೇಲೆಯೇ ಲಂಟಾನ ಸೊಕ್ಕಿತು ಎನ್ನುವುದು ಅವರ ಮಾತು. ವಿಜ್ಞಾನಿಗಳೂ ಆ ಮಾತನ್ನು ದಾಖಲಿಸಿದ್ದಾರೆ. 2011ರಲ್ಲಿ ಅವರಿಗೆ ಆ ಕಾಡಿನ ಸಮುದಾಯ ಹಕ್ಕುಗಳೂ ಸಿಕ್ಕವು. ಡ್ರೋನ್ ತೋರಿಸುವುದು ಎಲ್ಲಿ ಬದಲಾಗಿದೆ ಎಂಬುದನ್ನು. ಏಕೆ ಬದಲಾಯಿತು ಎಂದು ಹೇಳುವವರು ಅಲ್ಲಿ ಬದುಕಿದವರು.

ಇನ್ನೊಂದು ಮಾತು. ಇದನ್ನು ಮಹಿಳಾ ವೇದಿಕೆಯಲ್ಲಿ ಹೇಳದೆ ಮತ್ತೆಲ್ಲಿ ಹೇಳಲಿ? ಗಿಡವನ್ನು ನೋಡುವ ಕಣ್ಣು ಬರೀ ಗಿಡವನ್ನೇ ನೋಡುವುದಿಲ್ಲ. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ಹಳ್ಳಿಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ತ್ರಿಶಾಂತ್ ಸಿಮ್ಲಾಯಿ 14 ತಿಂಗಳು ಇದ್ದು ಸಂದರ್ಶನಗಳನ್ನು ಮಾಡಿದರು. ಆ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಸೌದೆ, ಹುಲ್ಲಿಗೆ ಹೋಗುವ ಹೆಂಗಸರನ್ನು ಬೆದರಿಸಲು ಅವರ ತಲೆಯ ಮೇಲೆ ಡ್ರೋನ್ ಹಾರಿಸಿದ್ದು ಅದರಲ್ಲಿ ದಾಖಲಾಗಿದೆ. ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾದಲ್ಲಿ ಸೆರೆಯಾದ ಹೆಂಗಸೊಬ್ಬಳ ಅರೆಬೆತ್ತಲೆ ಚಿತ್ರ ವಾಟ್ಸಾಪ್‌ನಲ್ಲಿ ಹರಿದಾಡಿತ್ತು. ಅಲ್ಲಿನ ಹೆಂಗಸರು ಕಾಡಿನಲ್ಲಿ ಗಟ್ಟಿಯಾಗಿ ಹಾಡುತ್ತ ಹೋಗುತ್ತಾರೆ, ಹುಲಿ, ಆನೆ ದೂರ ಸರಿಯಲಿ ಎಂದು. ಯಾರೋ ನೋಡುತ್ತಿದ್ದಾರೆ ಎಂಬ ಅಂಜಿಕೆಯಲ್ಲಿ ಅವರ ದನಿ ತಗ್ಗಿತು. ದನಿ ತಗ್ಗಿದರೆ ಜೀವಕ್ಕೇ ಅಪಾಯ.

ಪ್ರಾಣಿಗಳಿಗೂ ಅಷ್ಟೇ. ಅಮೆರಿಕದ ಮಿನ್ನೆಸೋಟಾದಲ್ಲಿ ಕರಡಿಗಳ ಮೇಲೆ ಡ್ರೋನ್ ಹಾರಿಸಿ ನೋಡಿದರು. ಕರಡಿಗಳು ಹೆಚ್ಚಾಗಿ ಕದಲಲಿಲ್ಲ. ಆದರೆ ಎದೆಬಡಿತ ಮಾತ್ರ ಏರಿತ್ತು. ಸುಮ್ಮನಿದ್ದವರು ನೆಮ್ಮದಿಯಾಗಿದ್ದಾರೆ ಎಂದು ಅರ್ಥವಲ್ಲ ಎನ್ನುವುದನ್ನು ನಾವು ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ!

ಹಾಗಂತ ಡ್ರೋನ್ ಬೇಡ ಎನ್ನುತ್ತಿಲ್ಲ. ನಮ್ಮ ದೇಶದಲ್ಲಿ 2021ರ ಆಗಸ್ಟ್‌ನಿಂದ ಡ್ರೋನ್ ನಿಯಮಗಳಿವೆ. ಎಲ್ಲಿ ಹಾರಿಸಬೇಕು, ಎಷ್ಟು ತೂಕದ್ದಕ್ಕೆ ಏನು ಬೇಕು ಎಲ್ಲ ಇದೆ. ಅದರ ಜೊತೆಗೆ ಹಳ್ಳಿಯವರಿಗೆ ಮೊದಲೇ ತಿಳಿಸಿ ಹಾರಿಸಲಿ. ಮನುಷ್ಯರ ಚಿತ್ರ ಬಂದರೆ ಅಳಿಸಲಿ. ನಕ್ಷೆಯನ್ನು ಅಲ್ಲಿನ ಹೆಂಗಸರ ಮುಂದೆ ಬಿಡಿಸಿಟ್ಟು, "ಇದೇನು ಹಸಿರು, ಹೇಳಿ" ಎಂದು ಕೇಳಲಿ.

ನಮ್ಮ ಕೈಲಾಗುವುದೂ ಇದೆ. ಮೊಮ್ಮಗನಿಗೆ ಹುಟ್ಟುಹಬ್ಬಕ್ಕೆ ಡ್ರೋನ್ ಕೊಡಿಸಿದ್ದರೆ, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವಾಗ ಅದನ್ನು ಮನೆಯಲ್ಲೇ ಇಡಿಸಿ. ಇನ್ನು ಪತ್ರಿಕೆಯಲ್ಲಿ "ಹಸಿರು ಹೆಚ್ಚಿದೆ" ಎಂದು ಓದಿದಾಗ ಆ ಹಿರಿಯಮ್ಮನ ಪ್ರಶ್ನೆ ನೆನಪಿಸಿಕೊಳ್ಳಿ. ಹಸಿರೇನೋ ಇದೆ. ಕಡವೆ ತಿನ್ನಲು ಅದರಲ್ಲಿ ಏನಿದೆ?